ಮುಖಕ್ಕೆ ತಾಗಿದ ನೆಲದ ಬಣ್ಣ

ಪುಷ್ಯ ಶುದ್ಧ ಷಷ್ಠಿಯ ರಥೋತ್ಸವಕ್ಕೆಂದು ಪಾವಗಡದ ಕಡೆಯ ನಾಗಲಮಡಿಕೆಗೆ ಹೋಗಿದ್ದ ಒಂದು ವರ್ಷ, ತೇರು ಎಳೆದ ಮರುದಿನ ಬೆಳಿಗ್ಗೆ, ನನ್ನ ಸೋದರತ್ತೆಯವರು ತಮ್ಮದೊಂದು ಒಳ್ಳೆಯ ಭಾವಚಿತ್ರವನ್ನು ತೆಗೆದುಕೊಡಬೇಕೆಂದು ಅಪ್ಪಣೆ ಮಾಡಿದರು. ಎಂಬತ್ತರ ಹೊಸ್ತಿಲಿಗೆ ಬಂದಿದ್ದ ಆ ಹಿರಿಯರಿಗೆ ಅಲಂಕಾರದ ಹಂಬಲವೇನೂ ಇರಲಿಲ್ಲ. ಅವರ ಚಿಂತೆ ಬೇರೆಯದು. “ನಾನು ಹೋದಮೇಲೆ ಯಾವ್ದೋ ಮದುವೆ ಗುಂಪಿನ ಫೋಟೋದಿಂದ ನನ್ನ ತಲೆ ಕತ್ತರಿಸಿ ಗೋಡೆಗೆ ಹಾಕ್ಬೇಡ್ರೋ, ಈಗ್ಲೇ ಒಂದು ಸರಿಯಾಗಿ ತೆಗಿ” ಎಂದರು. ಕ್ಯಾಮರಾ ಕೈಯಲ್ಲಿತ್ತು, ಬಿಸಿಲು ಹದವಾಗಿತ್ತು, ಮನೆಯ ಮುಂದೆ ತುಂಬು ನೆರಳಿನ ಹುಣಿಸೆಮರವೊಂದಿತ್ತು. ಅದರಡಿಯಲ್ಲಿ ಕುರ್ಚಿಯನ್ನು ಹಾಕಿಸಿ, ಹಾಲುಬಣ್ಣದ ಹತ್ತಿಯ ಸೀರೆಯುಟ್ಟು ನೆರೆತ ತಲೆಯನ್ನು ಒಪ್ಪವಾಗಿ ಬಾಚಿಕೊಂಡು ಬಂದ ಅತ್ತೆಯವರನ್ನು ಕೂರಿಸಿ, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದೆನು. ನನ್ನ ಕಣ್ಣಿಗೆ ಆ ಮುಖದಲ್ಲಿ ಯಾವ ಕೊರತೆಯೂ ತೋರಲಿಲ್ಲ.

ಸಾಯಂಕಾಲ ಆ ಚಿತ್ರವನ್ನು ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದಾಗ, ಗಲ್ಲದ ಕೆಳಭಾಗ, ಮೂಗಿನ ಹೊಳ್ಳೆಗಳ ಅಡಿ, ಕೆಳತುಟಿಯ ಕೆಳಗಿನ ಕುಳಿ, ಹುಬ್ಬಿನ ಕೆಳಗಣ ತಗ್ಗು ಇವೆಲ್ಲವೂ ಇಟ್ಟಿಗೆಯ ಪುಡಿಯನ್ನು ಸವರಿದಂತೆ ಕೆಂಪಾಗಿದ್ದವು. ಬೆಳ್ಳಿಯಂತಹ ತಲೆಗೂದಲಿನ ಮೇಲೆ ಎಳೆಹಸುರಿನ ಲೇಪವೊಂದು ಹರಡಿತ್ತು. ಅತ್ತೆಯವರು ಕನ್ನಡಕವನ್ನು ಏರಿಸಿಕೊಂಡು, ಬಹಳ ಹೊತ್ತು ನೋಡಿ, “ಇದೇನಪ್ಪಾ, ಗಲ್ಲಕ್ಕೆ ಯಾರೋ ಜಾಜು ಬಳಿದ ಹಾಗಿದೆ, ತಲೆಗೆ ಪಾಚಿ ಬೇರೆ ಕಟ್ಟಿದೆ!” ಎಂದರು. ಆ ಮಾತಿನಲ್ಲಿ ಪರಿಹಾಸವಿದ್ದಂತೆಯೇ ನಿರ್ದುಷ್ಟವಾದ ವರ್ಣನೆಯೂ ಇತ್ತು. ಜಾಜು ಬಂದದ್ದು ನೆಲದಿಂದ. ಪಾಚಿ ಬಂದದ್ದು ಮರದಿಂದ.

ಈ ಸೀಮೆಯ ನೆಲವನ್ನು ನೋಡಿದವರಿಗೆ ಈ ಮಾತು ವಿವರಣೆಯಿಲ್ಲದೆ ತಿಳಿದೀತು. ಮಧುಗಿರಿಯಿಂದ ಪಾವಗಡಕ್ಕೆ ಬರುವ ಹಾದಿಯು ನಡುವೆ ಆಂಧ್ರದ ಮಡಕಶಿರಾ ಭಾಗವನ್ನು ಹಾದು, ಕನ್ನಡ ತೆಲುಗುಗಳೆರಡೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೂಡುವ ಒಂದು ಬಯಲಿಗೆ ನಮ್ಮನ್ನು ತಂದು ಬಿಡುತ್ತದೆ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರನ್ನು ದಾಟಿ, ಹಿಂದೂಪುರದ ಕಡೆ ಹೊರಳಿದ ಉತ್ತರ ಪಿನಾಕಿನಿಯು ಮತ್ತೊಮ್ಮೆ ಕನ್ನಡದ ನೆಲವನ್ನು ನೆನೆದು ಬಂದಂತೆ ಇಲ್ಲಿ ಕೊಂಚ ದೂರ ಹರಿಯುತ್ತದೆ. ಹರಿಯುತ್ತದೆಯೆಂಬುದು ಬಹುಮಟ್ಟಿಗೆ ಉಪಚಾರದ ಮಾತು, ವರ್ಷದ ಹೆಚ್ಚು ಕಾಲ ಅಲ್ಲಿರುವುದು ಮರಳು. ಆ ಮರಳಿನ ದಡದ ಮೇಲೆ, ಕುಕ್ಕೆಯನ್ನು ಆದಿಯೆಂದೂ ಘಾಟಿಯನ್ನು ಮಧ್ಯವೆಂದೂ ಎಣಿಸುವ ಭಕ್ತರು ಅಂತ್ಯ ಸುಬ್ರಹ್ಮಣ್ಯನೆಂದು ಕರೆಯುವ ದೇವರ ಗುಡಿಯಿದೆ. ಸುತ್ತ ಕಡಲೆಕಾಯಿಯ ಹೊಲಗಳು. ಬೆಳೆ ಕಿತ್ತ ಮೇಲೆ ಬರಿದಾಗಿ ಬಿಸಿಲಿಗೆ ಬಿದ್ದ ಕೆಂಪು ಮಣ್ಣು. ಅದರ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡು. ಅದು ಸೂರ್ಯಪ್ರಕಾಶದ ನೀಲಿ ಹಸುರು ಭಾಗಗಳನ್ನು ತಾನು ನುಂಗಿ, ಕೆಂಪು ಕಿತ್ತಳೆಗಳನ್ನು ಹಿಂದಕ್ಕೆ ಚೆಲ್ಲುತ್ತದೆ. ಹೀಗೆ ಚೆಲ್ಲಿದ ಬೆಳಕು ಕನ್ನಡಿಯಲ್ಲಿ ಪ್ರತಿಫಲಿಸಿದಂತೆ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಒರಟು ಮೇಲ್ಮೈಯಿಂದ ಎಲ್ಲ ದಿಕ್ಕುಗಳಿಗೂ ಚದುರುತ್ತದೆ. ಆದಕಾರಣ ಅದು ಎಲ್ಲಿಂದ ಬಂದಿತೆಂದು ಬೆರಳಿಟ್ಟು ತೋರಿಸುವುದಕ್ಕೆ ಆಗುವುದಿಲ್ಲ, ಆದರೆ ಬಂದು ಮುಟ್ಟಿರುತ್ತದೆ.

ಬಯಲಿನಲ್ಲಿ ಬೆಳಕು ಕೊಡುವವನು ಸೂರ್ಯನೊಬ್ಬನೇ ಎಂಬುದು ನಾವೆಲ್ಲರೂ ಮಾಡುವ ಮೊದಲ ತಪ್ಪು. ಮುಖವೊಂದು ಹೊರಗೆ ಬಂದೊಡನೆ, ಆಕಾಶ, ನೆಲ, ಗೋಡೆ, ಗಿಡ, ಪಕ್ಕದಲ್ಲಿ ನಿಂತವರ ಅಂಗಿ, ಕಡೆಗೆ ತಾನು ಉಟ್ಟ ಸೀರೆ, ಇವೆಲ್ಲವೂ ಅದಕ್ಕೆ ತಂತಮ್ಮ ಪಾಲಿನ ಬೆಳಕನ್ನು ತಂತಮ್ಮ ಬಣ್ಣದೊಡನೆ ಒಪ್ಪಿಸುತ್ತವೆ. ನೇರವಾದ ಬಿಸಿಲಿನಲ್ಲಿ ನಿಂತ ಮುಖದ ಮೇಲೆ ಈ ಕಿರುಕಾಣಿಕೆಗಳು ಅಷ್ಟಾಗಿ ಕಾಣುವುದಿಲ್ಲ. ಸೂರ್ಯನ ಪಾಲು ಅಷ್ಟು ದೊಡ್ಡದು. ಆದರೆ ಬಿಸಿಲು ಕಣ್ಣು ಚುಚ್ಚುವುದೆಂದು ನಾವು ಆ ಮುಖವನ್ನು ನೆರಳಿಗೆ ತಂದೆವೆನ್ನಿ. ಆಗ ಸೂರ್ಯನು ಮುಖವನ್ನು ಬಿಟ್ಟನು, ನೆಲವನ್ನು ಬಿಡಲಿಲ್ಲ. ನಡುಹಗಲ ನೇರ ಬಿಸಿಲನ್ನು ಅಳೆದರೆ ಅದು ಸುಮಾರು 1 ಲಕ್ಷ ಲಕ್ಸ್ ಆಗುತ್ತದೆ. ಬಯಲಿನ ನೆರಳಿನಲ್ಲಿ ಅದರ ಹತ್ತರಲ್ಲೊಂದು ಪಾಲು ಉಳಿದೀತು, ದಟ್ಟ ಮರದಡಿಯಲ್ಲಿ ಇನ್ನೂ ಕಡಿಮೆ. ನೆರಳಿನ ಅಂಚಿನಿಂದಾಚೆಗೆ ಬಿಸಿಲುಂಡ ಕೆಂಪು ನೆಲವು ತನಗೆ ದೊರೆತುದರಲ್ಲಿ ಐದನೆಯ ಒಂದು ಪಾಲನ್ನು ಹಿಂದಿರುಗಿಸಿದರೂ, ನೆರಳಿನ ಬಡ ಬೆಳಕಿನ ಎದುರಿಗೆ ಅದು ಸರಿಸಮನಾದ ದೀಪವೇ ಆಗುತ್ತದೆ. ಆ ದೀಪದ ಗಾಜು ಕೆಂಪು; ಅದು ಉರಿಯುವುದು ಕೆಳಗಿನಿಂದ. ನಮ್ಮ ಅತ್ತೆಯವರ ಗಲ್ಲವನ್ನು ಬೆಳಗಿದ್ದು ಇದು.

ಆದುದರಿಂದ ನೆರಳು ನಿರಪಾಯವೆಂಬ ನಂಬಿಕೆಯನ್ನು ಛಾಯಾಗ್ರಾಹಕನು ಮೊದಲು ಬಿಡತಕ್ಕದ್ದು. ಮುಖ ನೆರಳಿನಲ್ಲಿಯೂ ಎದುರಿನ ನೆಲ ಅಥವಾ ಗೋಡೆ ಬಿಸಿಲಿನಲ್ಲಿಯೂ ಇರುವ ಸ್ಥಿತಿಯೇ ಬಣ್ಣದ ತೊಂದರೆಯ ತವರು. ಮೋಡ ಕವಿದ ದಿನ ಇದೇ ಹುಣಿಸೆಮರದ ಅಡಿಯಲ್ಲಿ ಇದೇ ಚಿತ್ರವನ್ನು ತೆಗೆದಿದ್ದರೆ ಜಾಜು ಬಹುಪಾಲು ಇಲ್ಲವಾಗುತ್ತಿತ್ತು. ಅಂತಹ ದಿನ ನೆಲಕ್ಕೂ ಮುಖಕ್ಕೂ ಆಕಾಶ ಬೆಳಕನ್ನು ಬಹುಮಟ್ಟಿಗೆ ಒಂದೇ ಅಳತೆಯಲ್ಲಿ ಹಂಚುತ್ತದೆ. ಪಾಚಿ ಮಾತ್ರ ಕೊಂಚ ಉಳಿಯುತ್ತಿತ್ತು, ಏಕೆಂದರೆ ಹುಣಿಸೆಯ ಎಲೆಗಳು ಬೆಳಕನ್ನು ಹಿಂದಕ್ಕೆ ಚೆಲ್ಲುವುದಲ್ಲದೆ ತಮ್ಮ ಮೈಯೊಳಗಿಂದ ಸೋಸಿಯೂ ಬಿಡುತ್ತವೆ.

ಇಷ್ಟು ದೊಡ್ಡ ಕೆಂಪು ನನ್ನ ಕಣ್ಣಿಗೆ ಏಕೆ ಬೀಳಲಿಲ್ಲ? ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು. ಉತ್ತರವು ಕಣ್ಣಿನ ದೋಷದಲ್ಲಿಲ್ಲ, ಅದರ ಜಾಣತನದಲ್ಲಿದೆ. ಸಂಜೆಯ ಹೊಂಬಿಸಿಲಿನಲ್ಲಿಯೂ, ಮಳೆಗಾಲದ ನೀಲಿಗತ್ತಲಲ್ಲಿಯೂ, ಸೀಮೆಎಣ್ಣೆಯ ಬುಡ್ಡಿಯ ಬೆಳಕಿನಲ್ಲಿಯೂ ಬಿಳಿಯ ಪಂಚೆಯನ್ನು ನಾವು ಬಿಳಿಯೆಂದೇ ಕಾಣುತ್ತೇವೆ. ಕಣ್ಣಿನೊಳಗಿನ ಮೂರು ಬಗೆಯ ವರ್ಣಗ್ರಾಹಿ ಕೋಶಗಳು ಆಯಾ ಬೆಳಕಿಗೆ ತಕ್ಕಂತೆ ತಮ್ಮ ಸೂಕ್ಷ್ಮತೆಯನ್ನು ಬೇರೆಬೇರೆಯಾಗಿ ಹಿಗ್ಗಿಸಿ ಕುಗ್ಗಿಸಿಕೊಳ್ಳುತ್ತವೆಂದು ಜರ್ಮನಿಯ ಫಾನ್ ಕ್ರೀಸ್ ಎಂಬ ವಿದ್ವಾಂಸರು 1902ರಲ್ಲಿಯೇ ಪ್ರತಿಪಾದಿಸಿದರು. ಮುಂದೆ ಅಮೆರಿಕದ ಎಡ್ವಿನ್ ಲ್ಯಾಂಡ್ ಅವರು, ಬಣ್ಣಬಣ್ಣದ ಕಾಗದದ ತುಂಡುಗಳನ್ನು ಕೂಡಿಸಿ ಮಾಡಿದ ಹಲಗೆಗಳ ಮೇಲೆ ವಿಧವಿಧವಾದ ದೀಪಗಳನ್ನು ಹಾಯಿಸಿ, ಒಂದು ವಸ್ತುವಿನ ಬಣ್ಣವನ್ನು ಮನಸ್ಸು ಅದೊಂದರಿಂದಲೇ ನಿರ್ಣಯಿಸದೆ ನೆರೆಹೊರೆಯ ಬಣ್ಣಗಳೊಡನೆ ತೂಗಿ ನೋಡಿ ನಿರ್ಣಯಿಸುತ್ತದೆಂದು ತೋರಿಸಿದರು. ಅಕ್ಷಿಪಟಲ (ರೆಟಿನಾ) ಮತ್ತು ಮೆದುಳಿನ ಹೊರಪದರ (ಕಾರ್ಟೆಕ್ಸ್) ಎರಡರ ಹೆಸರನ್ನೂ ಬೆರೆಸಿ ಅದಕ್ಕೆ ‘ರೆಟಿನೆಕ್ಸ್’ ಎಂದು ಹೆಸರಿಟ್ಟರು. ಅತ್ತೆಯವರ ಮುಖ ನನಗೆ ಹಳೆಯ ಪರಿಚಯ. ಮನಸ್ಸು ಆ ಪರಿಚಯದ ಬಣ್ಣವನ್ನೇ ನನಗೆ ತೋರಿಸಿತು. ಕ್ಯಾಮರಾಕ್ಕೆ ಅತ್ತೆಯೂ ಇಲ್ಲ, ಅಳಿಯನೂ ಇಲ್ಲ. ಬಂದ ಬೆಳಕನ್ನು ಬಂದಂತೆಯೇ ಬರೆದಿಟ್ಟುಕೊಂಡಿತು.

ಆದರೆ ಕಣ್ಣಿಗೆ ಈ ದಾಕ್ಷಿಣ್ಯವನ್ನು ಬಿಡಿಸುವ ಉಪಾಯಗಳುಂಟು. ನಾನು ಈಗ ಅನುಸರಿಸುವುದು ಬಹಳ ಸುಲಭವಾದ ಒಂದು ಪದ್ಧತಿ: ಚಿತ್ರ ತೆಗೆಸಿಕೊಳ್ಳುವವರನ್ನು ಕೂರಿಸುವುದಕ್ಕೆ ಮುಂಚೆ ಆ ಕುರ್ಚಿಯಲ್ಲಿ ನಾನೇ ಕುಳಿತು, ಮಡಿಕೆ ಬಿಚ್ಚಿದ ಬಿಳಿಯ ಕರವಸ್ತ್ರವನ್ನು ಗಲ್ಲದ ಎತ್ತರಕ್ಕೆ ಹಿಡಿದು, ಅದರ ಮೇಲ್ಮುಖವನ್ನೂ ಕೆಳಮುಖವನ್ನೂ ಒಂದಾದಮೇಲೊಂದರಂತೆ ನೋಡುತ್ತೇನೆ. ಮೇಲ್ಮುಖ ಆಕಾಶದ ನೀಲಿಯನ್ನು ಹೇಳುತ್ತದೆ, ಕೆಳಮುಖ ನೆಲದ ಗುಟ್ಟನ್ನು ಹೇಳುತ್ತದೆ. ಕಣ್ಣನ್ನು ಕಿರಿದು ಮಾಡಿಕೊಂಡರೆ ಇನ್ನೂ ಸ್ಪಷ್ಟ. ಅನಂತರ ಕುಳಿತಲ್ಲಿಂದಲೇ ಮುಂದೆ ದೃಷ್ಟಿ ಚಾಚಿ ನನ್ನ ಮುಖಕ್ಕೆ ಏನೇನು ಕಾಣುತ್ತಿದೆಯೆಂದು ಎಣಿಸುತ್ತೇನೆ. ಮುಖಕ್ಕೆ ಕಾಣುವುದೆಲ್ಲವೂ ಮುಖವನ್ನು ಬೆಳಗುತ್ತದೆ. ಬಿಸಿಲುಂಡ ಕೆಂಪು ಹೊಲ ಎದುರಿನ ನೋಟದ ಅರ್ಧವನ್ನು ತುಂಬಿದ್ದರೆ ಬಣ್ಣದಲ್ಲಿಯೂ ಅದರ ಹಕ್ಕು ಅಷ್ಟಾಗುತ್ತದೆ, ಹತ್ತು ಹೆಜ್ಜೆ ಹಿಂದೆ ಸರಿದು ಅದು ಕಿರಿದಾಗಿ ಕಂಡರೆ ಹಕ್ಕೂ ಕಿರಿದಾಗುತ್ತದೆ. ಗೋಡೆಯ ಬಣ್ಣ ಮುಖಕ್ಕೆ ತಾಗಬಾರದೆಂದರೆ ಗೋಡೆಗೆ ಒರಗಿ ನಿಲ್ಲಿಸಬಾರದೆಂಬ ಅನುಭವಸ್ಥರ ಮಾತಿನ ಹಿಂದಿರುವ ಗಣಿತ ಇಷ್ಟೇ.

ಗೋಡೆಯೆಂದಾಗ ಒಂದು ಮಾತು. ನಮ್ಮ ಹಳೆಯ ಊರುಗಳ ಗೋಡೆಗಳಿಗೆ ಇದ್ದದ್ದು ಸುಣ್ಣ, ಗುಡಿಯ ಪ್ರಾಕಾರವಾದರೆ ಸುಣ್ಣ ಜಾಜುಗಳ ಪಟ್ಟೆ. ಸುಣ್ಣದ ಗೋಡೆಯಷ್ಟು ಸಜ್ಜನವಾದ ಬೆಳಕಿನ ಆಸರೆ ಇನ್ನೊಂದಿಲ್ಲ. ಸಿನಿಮಾದವರು ಥರ್ಮೋಕೋಲಿನ ಹಲಗೆಯನ್ನು ಹೊತ್ತು ತಂದು ಮಾಡುವ ಕೆಲಸವನ್ನು ಅದು ನಿಂತಲ್ಲಿಯೇ ಮಾಡುತ್ತದೆ. ಪಟ್ಟೆಯ ಗೋಡೆಯ ಪಕ್ಕದಲ್ಲಿ ನಿಂತ ಮುಖಕ್ಕಾದರೋ ಕೆಂಪು ಬಿಳುಪುಗಳು ಬೆರೆತು ತಿಳಿಗುಲಾಬಿಯೊಂದು ತಾಗುತ್ತದೆ, ಅದನ್ನು ಸಹಿಸಬಹುದು. ಈಚೆಗೆ ಬಂದಿರುವ ಗಿಳಿಹಸುರು, ಮಯೂರನೀಲಿ, ಕಡುಗುಲಾಬಿಗಳ ಎನಾಮಲ್ ಗೋಡೆಗಳ ಮುಂದೆ, ಅದೂ ಬಿಸಿಲು ಅವುಗಳ ಮೇಲೆ ಬಿದ್ದಿರುವಾಗ, ನೆಂಟರನ್ನು ನಿಲ್ಲಿಸಿ ಚಿತ್ರ ತೆಗೆಯುವವರನ್ನು ಕಂಡರೆ ನನಗೆ ಕನಿಕರ ಬರುತ್ತದೆ. ಮದುವೆಯ ಚಪ್ಪರಗಳ ಕಥೆ ಇದಕ್ಕಿಂತ ಕಷ್ಟ. ತೆಂಗಿನ ಗರಿಯ ಚಪ್ಪರದಡಿಯಲ್ಲಿ ಬೆಳಕು ಚುಕ್ಕಿಚುಕ್ಕಿಯಾಗಿ ಬೀಳುತ್ತಿತ್ತು, ಅದೇ ಅದರ ತೊಡಕು. ಈಗಿನ ನೀಲಿ ಟಾರ್ಪಾಲು, ಕೆಂಪು ಹಳದಿಯ ಶಾಮಿಯಾನ, ಹಸುರು ಶೇಡ್ ನೆಟ್ಟುಗಳು ಇಡೀ ಬೆಳಕನ್ನೇ ಬಣ್ಣದ ನೀರಿನಲ್ಲಿ ಅದ್ದಿ ಕೆಳಗಿಳಿಸುತ್ತವೆ. ಅವುಗಳಡಿಯಲ್ಲಿ ನಿಂತು ಮಾಡಬಹುದಾದ ಉಪಾಯ ಕಡಿಮೆ. ವಧೂವರರನ್ನು ಚಪ್ಪರದ ಅಂಚಿಗೆ ಕರೆತಂದು, ಹೊರಗಿನ ಬಯಲಿಗೆ ಮುಖಮಾಡಿಸಿ ನಿಲ್ಲಿಸುವುದೇ ಸರಿಯಾದ ದಾರಿ.

ಇನ್ನು ಉಟ್ಟ ಬಟ್ಟೆ. ಮೊಳಕಾಲ್ಮೂರಿನ ಕೆಂಪು ರೇಷ್ಮೆಯುಟ್ಟ ಮದುಮಗಳ ಕತ್ತು ಗಲ್ಲಗಳ ಮೇಲೆ ಸೀರೆಯ ಕೆಂಪು ಏರುವುದು ಸಹಜ. ಅದನ್ನು ತಡೆಯಲು ಹೋಗುವವನು ಅರಸಿಕನೆಂದೇ ನನ್ನ ಅಭಿಪ್ರಾಯ, ಏಕೆಂದರೆ ಆ ಬಣ್ಣದ ಮೂಲ ಚಿತ್ರದಲ್ಲಿಯೇ ಕಾಣುತ್ತಿದೆ, ನೋಡುವವನಿಗೆ ಕಾರಣ ತಿಳಿಯುತ್ತದೆ. ಚೌಕಟ್ಟಿನ ಹೊರಗೆ ನಿಂತ ಬಾಲಕನೊಬ್ಬನ ಹಸುರು ಅಂಗಿಯಿಂದ ಬಂದ ಬಣ್ಣಕ್ಕೆ ಅಂತಹ ಕ್ಷಮೆಯಿಲ್ಲ. ತೆಗೆಯುವವನೂ ಬಿಳಿಯ, ಬೂದಿಯ ಅಥವಾ ಕಪ್ಪು ಅಂಗಿ ತೊಟ್ಟಿರುವುದು ಒಳ್ಳೆಯದು. ಮುಖಕ್ಕೆ ಅತಿ ಸಮೀಪದಲ್ಲಿ ನಿಲ್ಲುವ ಗೋಡೆ ಅವನೇ ಅಲ್ಲವೆ?

ಚರ್ಮದ ಸ್ವಭಾವವನ್ನು ಕುರಿತು ಪುಸ್ತಕಗಳು ಬಹುಮಟ್ಟಿಗೆ ಬಿಳಿಯ ಮೈಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿವೆ. ನಮ್ಮ ಬಯಲುಸೀಮೆಯ ಎಣ್ಣೆಗಪ್ಪು ಮುಖಗಳಲ್ಲಿ ನಡೆಯುವ ವ್ಯಾಪಾರ ಸ್ವಲ್ಪ ಬೇರೆ. ಮುಖದಿಂದ ಹೊರಡುವ ಬೆಳಕಿನಲ್ಲಿ ಎರಡು ಪಾಲುಂಟು: ಚರ್ಮದೊಳಕ್ಕೆ ಇಳಿದು ಅದರ ಬಣ್ಣವನ್ನು ಪಡೆದು ಹೊರಬರುವುದು ಒಂದು, ಮೇಲಿನ ಜಿಡ್ಡಿನ ಪೊರೆಯಿಂದಲೇ ಹೊಳೆದು ಹಿಂದಿರುಗುವುದು ಇನ್ನೊಂದು. ಈ ಎರಡನೆಯದು ಚರ್ಮದ ಬಣ್ಣವನ್ನು ಮುಟ್ಟುವುದೇ ಇಲ್ಲ. ತಾನು ಯಾವ ಬಣ್ಣದಲ್ಲಿ ಬಂದಿತೋ ಅದೇ ಬಣ್ಣದಲ್ಲಿ ಮರಳುತ್ತದೆ. ಕಪ್ಪು ಮೈಯಲ್ಲಿ ಮೊದಲನೆಯ ಪಾಲು ಕಡಿಮೆಯಾದುದರಿಂದ ಎರಡನೆಯದು ಎದ್ದು ಕಾಣುತ್ತದೆ. ಆದಕಾರಣ ನೇಗಿಲ ಹಿಡಿದ ರೈತನ ಕೆನ್ನೆಯೆಲುಬಿನ ಮೇಲೆ ಆಕಾಶದ ನೀಲಿ ಒಂದು ಗೆರೆಯಾಗಿ, ದವಡೆಯ ಅಂಚಿನಲ್ಲಿ ಹೊಲದ ಕೆಂಪು ಇನ್ನೊಂದು ಗೆರೆಯಾಗಿ ನಿಲ್ಲುತ್ತವೆ. ಟವೆಲಿನಿಂದ ಮುಖವನ್ನೊಮ್ಮೆ ಒತ್ತಿ ಒರಸಿಕೊಳ್ಳಹೇಳಿದರೆ ಅರ್ಧ ತೊಂದರೆ ನಿವಾರಣೆಯಾಗುತ್ತದೆ.

ಮೇಲ್ಮೈಯ ಹೊಳಪನ್ನು ಒಳಗಿನ ಬಣ್ಣದಿಂದ ಬೇರ್ಪಡಿಸುವ ಈ ವಿಚಾರದಲ್ಲಿ ನಮ್ಮವರೇ ಆದ ಒಬ್ಬ ಮಹನೀಯರ ನೆನಪಾಗದೆ ಹೋಗುವುದಿಲ್ಲ. ಸಮುದ್ರದ ನೀಲಿಯು ಆಕಾಶದ ಪ್ರತಿಬಿಂಬವಲ್ಲದೆ ಬೇರೇನೂ ಅಲ್ಲವೆಂದು ಲಾರ್ಡ್ ರ‍್ಯಾಲೆಯವರಂತಹ ಪಂಡಿತರು ಹೇಳಿದ್ದ ಕಾಲದಲ್ಲಿ, 1921ರಲ್ಲಿ ‘ನರ್ಕುಂಡ’ ಎಂಬ ಹಡಗಿನಲ್ಲಿ ಇಂಗ್ಲೆಂಡಿನಿಂದ ಹಿಂದಿರುಗುತ್ತಿದ್ದ ಸಿ. ವಿ. ರಾಮನ್ನರು, ತಮ್ಮ ಬಳಿಯಿದ್ದ ನಿಕೋಲ್ ಪಟ್ಟಕವೊಂದನ್ನು ಕಣ್ಣಿಗೆ ಹಿಡಿದು, ತಕ್ಕ ಕೋನದಲ್ಲಿ ತಿರುಗಿಸಿ, ನೀರಿನ ಮೇಲ್ಮೈಯಿಂದ ಬರುತ್ತಿದ್ದ ಆಕಾಶದ ಹೊಳಪನ್ನು ಅಡಗಿಸಿ ನೋಡಿದರು. ನೀಲಿ ಮಾಯವಾಗುವುದಕ್ಕೆ ಬದಲು ಇನ್ನೂ ಗಾಢವಾಯಿತು. ನೀರು ತನ್ನ ಅಣುಗಳಿಂದ ತಾನೇ ಬೆಳಕನ್ನು ಚದುರಿಸುತ್ತದೆಂಬ ಆ ವಿಚಾರದ ಎಳೆ ಮುಂದೆ ಅವರನ್ನು ಎಲ್ಲಿಗೆ ಕೊಂಡೊಯ್ದಿತೆಂಬುದನ್ನು ಎಲ್ಲರೂ ಬಲ್ಲರು. ಬೆಂಗಳೂರಿನಲ್ಲಿ 1948ರಲ್ಲಿ ತಮ್ಮ ಸಂಶೋಧನಾಲಯವನ್ನು ಕಟ್ಟಿದಮೇಲೆ, ಇಳಿವಯಸ್ಸಿನಲ್ಲಿ ಹೂವುಗಳ ಬಣ್ಣವನ್ನೂ ಕಣ್ಣಿನ ವ್ಯಾಪಾರವನ್ನೂ ಕುರಿತು ಅವರು ಪರಿಶೀಲನೆಗಳನ್ನು ನಡೆಸಿದರು.

ಹಡಗಿನ ಮೇಲೆ ರಾಮನ್ನರು ಹಿಡಿದ ಪಟ್ಟಕದ ಕೆಲಸವನ್ನೇ ಇಂದು ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಪೋಲರೈಸರ್ ಗಾಜು ಮಾಡುತ್ತದೆ. ಅದರ ಹಾಳೆಯನ್ನು ಅಗ್ಗವಾಗಿ ತಯಾರಿಸುವ ಮಾರ್ಗವನ್ನು ಕಂಡುಹಿಡಿದವರು, ಮೇಲೆ ಹೇಳಿದ ಎಡ್ವಿನ್ ಲ್ಯಾಂಡರೇ. ಆದರೆ ಇದರ ವಿಷಯದಲ್ಲಿ ಅಂಗಡಿಯವರು ಹೇಳುವುದಕ್ಕಿಂತ ಕಡಿಮೆ ನಂಬಬೇಕು. ಎಲೆಯ ಮೇಲಣ ಬಿಳಿಯ ಹೊಳಪು, ನೀರಿನ ಥಳಥಳ, ಕನ್ನಡಕದ ಗಾಜಿನಲ್ಲಿ ಕೂತ ಆಕಾಶ, ಬೆವರಿದ ಹಣೆಯ ಮಿಂಚು ಇವನ್ನು ಅದು ಸಾಕಷ್ಟು ತಗ್ಗಿಸುತ್ತದೆ. ಮಣ್ಣಿನ ಒರಟು ಮೈಯಿಂದ ಚದುರಿ ಬಂದು, ಚರ್ಮದೊಳಕ್ಕೆ ಇಳಿದು, ಮತ್ತೊಮ್ಮೆ ಚದುರಿ ಹೊರಬಂದ ಕೆಂಪನ್ನು ಅದು ಏನೂ ಮಾಡಲಾರದು. ಅತ್ತೆಯವರ ಗಲ್ಲದ ಜಾಜು ಯಾವ ಗಾಜಿಗೂ ಜಗ್ಗುವ ಜಾತಿಯದಲ್ಲ.

“ಹಾಗಾದರೆ ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಿದರಾಯಿತು” ಎಂದು ತರುಣ ಮಿತ್ರರು ಹೇಳುವುದನ್ನು ಕೇಳಿದ್ದೇನೆ. ವೈಟ್ ಬ್ಯಾಲೆನ್ಸ್ ಎಂಬ ಏರ್ಪಾಡು ಇಡೀ ಚಿತ್ರದ ಮೇಲೆ ಒಂದೇ ಸಮನಾಗಿ ಕೆಲಸ ಮಾಡುತ್ತದೆ. ಬೆಳಗ್ಗೆ ಸಂಜೆಗಳ ಕೆಂಬಿಸಿಲನ್ನೋ, ನೀಲಿಯ ನೆರಳನ್ನೋ, ಟಾರ್ಪಾಲಿನಡಿಯ ಏಕಪ್ರಕಾರದ ಛಾಯೆಯನ್ನೋ ತಿದ್ದುವುದಕ್ಕೆ ಅದು ಸಮರ್ಥ. ಬೂದುಬಣ್ಣದ ಕಾರ್ಡೊಂದನ್ನು ಮುಖದ ಪಕ್ಕದಲ್ಲಿ ಹಿಡಿಸಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಆ ಕೆಲಸ ಇನ್ನೂ ನಿಖರ. ಆದರೆ ಹಣೆಗೊಂದು ಬಣ್ಣ, ಗಲ್ಲಕ್ಕೊಂದು ಬಣ್ಣ ಬಂದಿರುವಾಗ ಅದರ ಆಟ ನಡೆಯುವುದಿಲ್ಲ. ನಾನು ಆ ರಾತ್ರಿ ಗಲ್ಲದ ಕೆಂಪನ್ನು ಕಳೆಯಹೋದೆನು, ಹಣೆ ನೀಲಿಗಟ್ಟಿತು. ಹಣೆಯನ್ನು ಸರಿಪಡಿಸಿದೆನು, ಗಲ್ಲ ಮೊದಲಿನಂತಾಯಿತು. ಕುಂಚದಿಂದ ಗಲ್ಲವೊಂದನ್ನೇ ತಿದ್ದಹೋದಾಗ ಸುಕ್ಕುಗಳ ನಡುವೆ ಬಣ್ಣವು ತೇಪೆತೇಪೆಯಾಗಿ ನಿಂತು, ಆ ಮುಖಕ್ಕೆ ಸಹಜವಾಗಿದ್ದ ಕಳೆಯೂ ಹೋಯಿತು. ಫೋನಿನ ಕ್ಯಾಮರಾಗಳಾದರೆ ತಮ್ಮಷ್ಟಕ್ಕೆ ತಾವೇ ತಿದ್ದಲು ಹೊರಡುತ್ತವೆ. ದೃಶ್ಯದ ಬಣ್ಣಗಳ ಸರಾಸರಿ ಬೂದಾಗಿರಬೇಕೆಂಬುದು ಇಂತಹ ತಿದ್ದುಗೆಯ ಹಳೆಯ ಊಹೆಗಳಲ್ಲೊಂದು. ಸುತ್ತಲೂ ಕೆಂಪು ಹೊಲವೇ ತುಂಬಿರುವ ಪಾವಗಡದ ಬಯಲಿನಲ್ಲಿ ಆ ಊಹೆಯನ್ನು ಹಿಡಿದು ನಡೆದ ಯಂತ್ರವು ಕೆಂಪು ಅತಿಯಾಯಿತೆಂದು ತಿಳಿದು, ನಿರಪರಾಧಿಯಾದ ಮುಖಕ್ಕೆ ನೀಲಿಹಸುರನ್ನು ಬೆರೆಸಿಬಿಡುತ್ತದೆ.

ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ನರು (1923–2009) ತಮ್ಮ ಕಾಲದ ಮುಖಗಳನ್ನು ಹೆಚ್ಚಾಗಿ ಕಪ್ಪುಬಿಳುಪಿನಲ್ಲಿ ಹಿಡಿದರು. ಆ ಮಾಧ್ಯಮದಲ್ಲಿ ನೆಲದ ಕೆಂಪು ಒಂದು ಮೃದುವಾದ ಕೆಳಬೆಳಕಷ್ಟೇ ಆಗಿ, ಸುಕ್ಕುಗಳನ್ನು ತುಂಬಿ ಮುಖಕ್ಕೆ ಉಪಕಾರವನ್ನೇ ಮಾಡುತ್ತಿತ್ತು. ಬೆಳಕನ್ನು ಎಲ್ಲಿಂದಲೋ ಪುಟಿಸಿ ತರುವುದು ದೋಷವೇನೂ ಅಲ್ಲವಷ್ಟೆ. ಮೈಸೂರಿನವರೇ ಆದ ಸಿನಿಮಾ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ದೊಡ್ಡ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ ಬೆಳಕಿನ ಸ್ತಂಭವೊಂದನ್ನು ನಿಲ್ಲಿಸಿದ್ದು ಪ್ರಸಿದ್ಧವಾಗಿದೆ. ಬಣ್ಣ ಬಂದಮೇಲೆ ಮಾತ್ರ, ಪುಟಿದು ಬರುವ ಬೆಳಕಿಗೆ ಕುಲಗೋತ್ರ ಕೇಳುವುದು ಅವಶ್ಯವಾಯಿತು.

ಈಗ ನಾಗಲಮಡಿಕೆಯ ಈ ಹೋಬಳಿಯಲ್ಲಿ ಹೊಸದೊಂದು ಪ್ರತಿಫಲಕವೂ ಬಂದಿದೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲುಗಳ ಸುತ್ತ 13,000 ಎಕರೆ ನೆಲವನ್ನು ರೈತರಿಂದ ಗುತ್ತಿಗೆಗೆ ಪಡೆದು ಕಟ್ಟಿದ, 2018ರ ಮಾರ್ಚಿನಲ್ಲಿ ಉದ್ಘಾಟನೆಯಾದ, 2,050 ಮೆಗಾವಾಟಿನ ‘ಶಕ್ತಿಸ್ಥಲ’ ಸೌರ ಉದ್ಯಾನವದು. ನೋಡಬಂದ ತರುಣರು ಫಲಕಗಳ ಸಾಲಿನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಲು ಆಸೆಪಡುತ್ತಾರೆ. ಬೆಳಕನ್ನು ಹಿಡಿಯುವುದೇ ಆ ಗಾಜುಗಳ ಉದ್ದೇಶವಾದುದರಿಂದ ಎದುರಿನಿಂದ ಬಿದ್ದ ಬಿಸಿಲಿನಲ್ಲಿ ಅವು ಅತ್ಯಲ್ಪವನ್ನು ಮಾತ್ರ ಹಿಂದಿರುಗಿಸುತ್ತವೆ; ಸೂರ್ಯನು ಇಳಿದು ಬೆಳಕು ಗಾಜನ್ನು ಸವರಿಕೊಂಡು ಹೋಗುವ ಹೊತ್ತಿಗೆ ಯಾವ ಗಾಜಾದರೂ ಕನ್ನಡಿಯ ಗುಣವನ್ನು ತಾಳುತ್ತದೆ. ಆಗ ಮುಖದ ಒಂದು ಪಕ್ಕಕ್ಕೆ ನೇರವಾದ ಹೊಂಬಿಸಿಲೂ ಇನ್ನೊಂದು ಪಕ್ಕಕ್ಕೆ ಗಾಜಿನಿಂದ ಜಾರಿದ ಆಕಾಶದ ತಣ್ಣನೆಯ ನೀಲಿಯೂ ಬಿದ್ದು, ಎರಡು ಚಿತ್ರಗಳನ್ನು ನಡುವೆ ಹೊಲಿದಂತೆ ಕಾಣುತ್ತದೆ.

ಇವೆಲ್ಲಕ್ಕೂ ಪ್ರತಿಯಾಗಿ ಪ್ರಕೃತಿಯೇ ಇಲ್ಲೊಂದು ಉಪಕಾರವನ್ನು ಮಾಡಿಟ್ಟಿದೆ. ರಾಮನಗರದ ಹಳೆಯ ಹೆಸರನ್ನು ಹೊತ್ತ ಕ್ಲೋಸ್‌ಪೇಟ್ ಗ್ರಾನೈಟಿನ ಪಟ್ಟಿಯು ಮಾಗಡಿ, ಮಧುಗಿರಿಗಳನ್ನು ಹಾದು ಪಾವಗಡದ ಮೇಲೆ ಉತ್ತರಕ್ಕೆ ಸಾಗುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಆ ಶಿಲೆಯ ಬಂಡೆಗಳು ಊರೂರಿನ ಹಿಂದೆಯೂ ಬಿದ್ದಿವೆ. ಬೂದಿಗೆ ಒಂದಿಷ್ಟು ನಸುಗೆಂಪು ಬೆರೆತ ಅವುಗಳ ಬಣ್ಣ ನಮ್ಮ ಮೈಬಣ್ಣಕ್ಕೆ ಒಗ್ಗುವಂತಹುದು. ಬಿಸಿಲಿಗೆ ಬೆನ್ನು ಕೊಟ್ಟ ದೊಡ್ಡ ಬಂಡೆಯೊಂದರ ನೆರಳಿನಲ್ಲಿ, ಎದುರಿಗೆ ಇನ್ನೊಂದು ಬಂಡೆ ಬಿಸಿಲಿನಲ್ಲಿ ಇರುವಂತೆ ಕೂರಿಸಿ ತೆಗೆದ ಮುಖಗಳು ನನಗೆ ಎಂದೂ ಮೋಸ ಮಾಡಿಲ್ಲ.

ಮರುವರ್ಷದ ಷಷ್ಠಿಗೆ ಹೋದಾಗ ಅತ್ತೆಯವರನ್ನು ಬಂಡೆಗಳವರೆಗೆ ನಡೆಸುವ ಸ್ಥಿತಿಯಿರಲಿಲ್ಲ. ಮನೆಯ ಜಗುಲಿಯಲ್ಲಿಯೇ ಕೆಲಸ ಆಗಬೇಕಾಗಿತ್ತು. ಐನೂರು ವರ್ಷಗಳ ಹಿಂದೆ ಇಟಲಿಯ ಲಿಯೊನಾರ್ಡೊ ಡ ವಿಂಚಿಯು ಚಿತ್ರಕಾರರಿಗೆ ಬರೆದಿಟ್ಟ ಸಲಹೆಯೊಂದು ಆಗ ನೆನಪಿಗೆ ಬಂದಿತು. ಹುಲ್ಲುಗಾವಲಿನಲ್ಲಿ ನಿಂತ ಬಿಳಿಯುಡುಗೆಯವಳ ಮೇಲೆ ಒಂದು ಕಡೆ ಆಕಾಶದ ನೀಲಿಯೂ ಇನ್ನೊಂದು ಕಡೆ ಹುಲ್ಲಿನ ಬಣ್ಣವೂ ಹತ್ತುವುದನ್ನು ಗಮನಿಸಿದ್ದ ಆತನು, ಭಾವಚಿತ್ರ ಬರೆಯುವುದಕ್ಕೆ ಗೋಡೆಗಳಿಗೆ ಕಪ್ಪು ಬಳಿದ ಒಂದು ಅಂಗಳವಿರಬೇಕೆಂದೂ, ಆ ಗೋಡೆಗಳ ಮೇಲೆ ಸೂರು ಸ್ವಲ್ಪ ಮುಂಚಾಚಿರಬೇಕೆಂದೂ, ಬಿಸಿಲಿದ್ದಾಗ ಮೇಲೆ ಬಟ್ಟೆಯ ಹೊದಿಕೆ ಇರಬೇಕೆಂದೂ, ಅದರ ಉದ್ದ ಅಗಲ ಎತ್ತರಗಳ ಸಮೇತ ವಿಧಿಸಿದ್ದಾನೆ. ಕಪ್ಪು ಗೋಡೆ ಯಾವ ಬಣ್ಣವನ್ನೂ ಹಿಂದಕ್ಕೆ ಕೊಡುವುದಿಲ್ಲ. ಮೇಲಿನಿಂದ ಬಂದ ಬೆಳಕೊಂದೇ ಮುಖವನ್ನು ಮಾತನಾಡಿಸುತ್ತದೆ. ನನಗೆ ಕಪ್ಪು ಗೋಡೆ ಎಲ್ಲಿಂದ ಬರಬೇಕು? ಆದರೆ ನಮ್ಮ ಕಡೆ ಕುರುಬರು ನೆಯ್ದ ಕರಿಯ ಕಂಬಳಿಯಿಲ್ಲದ ಮನೆಯುಂಟೆ?

ನೆರೆಮನೆಗಳಿಂದ ಎರವಲು ತಂದುದೂ ಸೇರಿ ನಾಲ್ಕು ಕಂಬಳಿಗಳು ಒದಗಿದವು. ಜಗುಲಿಯ ಮುಂದೆ, ಬಿಸಿಲು ಬಿದ್ದ ಕೆಂಪು ನೆಲದ ಮೇಲೆ, ಅವನ್ನು ಅಂಚಿಗೆ ಅಂಚು ಕೂಡಿಸಿ ಹಾಸಿದೆನು. ಒರಟು ಉಣ್ಣೆ ಬೆಳಕನ್ನು ಮರಳು ನೀರನ್ನು ಕುಡಿದಂತೆ ಕುಡಿಯಿತು. ಕರವಸ್ತ್ರದ ಕೆಳಮುಖವನ್ನು ನೋಡಿದೆನು, ಕೆಂಪು ಇಳಿದಿತ್ತು. ಆದರೆ ಗಲ್ಲದಡಿಯ ನೆರಳು ಬಹಳ ಗಡುಸಾಯಿತು, ಆ ವಯಸ್ಸಿಗೆ ಅಷ್ಟು ಕಾಠಿಣ್ಯ ಸಲ್ಲದು. ಒಂದು ಕಂಬಳಿಯ ಮೇಲೆ ಒಗೆದ ಬಿಳಿಯ ಪಂಚೆಯೊಂದನ್ನು, ಮೊದಲು ಇಡಿಯಾಗಿ, ಅದು ಕಣ್ಣು ಕುಕ್ಕಿದ್ದರಿಂದ ಆಮೇಲೆ ಎರಡು ಮಡಿಕೆ ಮಾಡಿ ಹಾಸಿದಮೇಲೆ ಹದಕ್ಕೆ ಬಂದಿತು. ಅತ್ತೆಯವರು ಜಗುಲಿಯ ಕಂಬಕ್ಕೆ ಒರಗಿ, ಈ ಸಿದ್ಧತೆಗಳನ್ನೆಲ್ಲ ಒಂದು ಮಾತೂ ಆಡದೆ ನೋಡುತ್ತ ಕುಳಿತಿದ್ದರು. ನಾನು ಕ್ಯಾಮರಾವನ್ನು ಕಣ್ಣಿಗೆ ಹಿಡಿಯುವ ಹೊತ್ತಿಗೆ ಸರಿಯಾಗಿ, “ಅಲ್ಲಪ್ಪಾ, ಕಂಬಳಿ ಮೇಲೆ ದೇವರನ್ನ ಕೂರಿಸೋದು ನೋಡಿದ್ದೀನಿ, ನನ್ನನ್ನ ಇಲ್ಲಿ ಕೂರಿಸಿ ಕಂಬಳಿಗೆ ಬಿಸಿಲು ಕಾಯಿಸ್ತಾ ಇದ್ದೀಯಲ್ಲ, ಫೋಟೋ ನಂದೋ ಅದರದೋ?” ಎಂದು ನಕ್ಕರು. ಆ ನಗುವಿನಲ್ಲಿಯೇ ಚಿತ್ರ ತೆಗೆದೆನು. ತಲೆಗೂದಲು ಬಿಳುಪಾಗಿಯೇ ಬಂದಿದೆ. ಗಲ್ಲದ ತುದಿಯಲ್ಲಿ ಮಾತ್ರ, ಎರಡು ಕಂಬಳಿಗಳ ಅಂಚು ಸರಿಯಾಗಿ ಕೂಡದೆ ಉಳಿದ ಗೇಣಗಲದ ಸಂದಿನಿಂದ ನುಸುಳಿ ಬಂದ ಒಂದು ಚೂರು ಜಾಜು ಈಗಲೂ ಕಾಣುತ್ತದೆ.